ಹೃದಯಸ್ತಂಭನ ಮತ್ತು ತೀವ್ರ ನಿಗಾ: ಡಾ. ಪೀಟರ್ ಸಫಾರರ ಕಾಯಕ

ಮನುಷ್ಯನ ಎದೆಯ ಬಡಿತ ನಿಂತಿತೆಂದರೆ ಅವನ ಆಯುಸ್ಸು ಮುಗಿಯಿತೆಂದು ಲೋಕವು ಸಾವಿರಾರು ವರ್ಷಗಳ ಕಾಲ ನಂಬಿಕೊಂಡು ಬಂದಿತ್ತು. ಕವಿಗಳೂ ವೈದ್ಯರೂ ಈ ಒಂದು ವಿಷಯದಲ್ಲಿ ಏಕಾಭಿಪ್ರಾಯದವರಾಗಿದ್ದರು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಈ ನಂಬಿಕೆ ಸಡಿಲಿತು. ಬಡಿತ ನಿಲ್ಲುವುದಕ್ಕೂ ಪ್ರಾಣ ಹೋಗುವುದಕ್ಕೂ ನಡುವೆ ಕೆಲವು ನಿಮಿಷಗಳ ಅವಕಾಶವುಂಟೆಂಬುದು, ಆ ಅವಕಾಶದಲ್ಲಿ ಹತ್ತಿರವಿರುವ ಮನುಷ್ಯನು ಮಾಡಬೇಕಾದ ಕೆಲಸವೊಂದುಂಟೆಂಬುದು ಸಂಶೋಧನೆಯಿಂದ ಸಿದ್ಧವಾಯಿತು. ಈ ಸಂಶೋಧಕರಲ್ಲಿ ಅಗ್ರಗಣ್ಯರಾದ ಡಾ. ಪೀಟರ್ ಸಫಾರರ ಕಾರ್ಯವನ್ನು ಪರಿಚಯಿಸಿ, ಕಪಿಲಾ ಕಾವೇರಿಗಳ ದಡದಲ್ಲಿ ಬಾಳುವ ನಮಗೆ, ವಿಶೇಷವಾಗಿ ನಮ್ಮ ಶಾಲೆಗಳಿಗೆ, ಅದು ಏನನ್ನು ತಿಳಿಸುತ್ತದೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ವೈದ್ಯನಲ್ಲದ ಕನ್ನಡ ಪಂಡಿತನು ಈ ವಿಷಯಕ್ಕೆ ಕೈಯಿಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ವಿಷಯದ ಮೊದಲ ತೊಡಕು ಪದಗಳಲ್ಲಿಯೇ ಇರುವುದರಿಂದ ಪಂಡಿತನಿಗೂ ಇಲ್ಲಿ ಸ್ವಲ್ಪ ಕೆಲಸವುಂಟು.

ಪದವಿಚಾರ

ನಮ್ಮ ಪತ್ರಿಕೆಗಳಲ್ಲಿ ಹಠಾತ್ ಮರಣಗಳೆಲ್ಲವೂ ‘ಹೃದಯಾಘಾತದಿಂದ ನಿಧನ’ ಎಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತವೆ. ಚಲನಚಿತ್ರ ನಟ ಪುನೀತ್ ರಾಜ್‌ಕುಮಾರರು 2021ರ ಅಕ್ಟೋಬರ್ 29ರಂದು ತಮ್ಮ 46ನೆಯ ವಯಸ್ಸಿನಲ್ಲಿ ನಿಧನರಾದಾಗ ನಾಡೆಲ್ಲ ದುಃಖದಲ್ಲಿ ಮುಳುಗಿತು. ಆಗ ಒಂದೇ ಮರಣವನ್ನು ಕುರಿತು ಕೆಲವರು ‘ಹೃದಯಾಘಾತ’ವೆಂದೂ ಕೆಲವರು ‘ಹೃದಯಸ್ತಂಭನ’ವೆಂದೂ ಬರೆದರು. ಓದುಗರು ಇವೆರಡನ್ನೂ ಪರ್ಯಾಯಪದಗಳೆಂದೇ ಭಾವಿಸಿದರು. ಅವು ಪರ್ಯಾಯಪದಗಳಲ್ಲ.

‘ಆಘಾತ’ವೆಂದರೆ ಪೆಟ್ಟು. ಹೃದಯದ ಮಾಂಸಕ್ಕೆ ರಕ್ತವನ್ನು ಒಯ್ಯುವ ನಾಳದಲ್ಲಿ ರಕ್ತವು ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಆ ಭಾಗದ ಮಾಂಸವು ಸಾಯತೊಡಗುತ್ತದೆ. ಇದು ಹೃದಯಾಘಾತ. ಎದೆ ಬಿಗಿಯುತ್ತದೆ, ಬೆವರು ಕಿತ್ತು ಬರುತ್ತದೆ, ನೋವು ತೋಳಿಗೂ ದವಡೆಗೂ ಹರಿಯಬಹುದು. ಆದರೆ ಸಾಮಾನ್ಯವಾಗಿ ರೋಗಿಗೆ ಎಚ್ಚರವಿರುತ್ತದೆ, ಹೃದಯವು ಬಡಿಯುತ್ತಲೇ ಇರುತ್ತದೆ. ‘ಸ್ತಂಭನ’ವೆಂದರೆ ನಿಂತುಹೋಗುವುದು. ಹೃದಯದ ಬಡಿತವನ್ನು ನಡೆಸುವ ವಿದ್ಯುತ್‌ಕ್ರಮವೇ ಕೆಟ್ಟು, ಹೃತ್ಕುಕ್ಷಿಗಳು ರಕ್ತವನ್ನು ನೂಕಲಾರದೆ ಸುಮ್ಮನೆ ನಡುಗುತ್ತವೆ, ಇಲ್ಲವೆ ಪೂರ್ಣವಾಗಿ ನಿಲ್ಲುತ್ತವೆ. ಇದು ಹೃದಯಸ್ತಂಭನ. ರೋಗಿಯು ಕ್ಷಣಮಾತ್ರದಲ್ಲಿ ಎಚ್ಚರ ತಪ್ಪಿ ಬೀಳುತ್ತಾನೆ, ಉಸಿರಾಟ ನಿಲ್ಲುತ್ತದೆ ಅಥವಾ ಏದುವಂತೆ ಅಲ್ಲೊಂದು ಇಲ್ಲೊಂದು ಉಸಿರು ಬರುತ್ತದೆ. ಆಘಾತವು ಸ್ತಂಭನಕ್ಕೆ ಕಾರಣವಾಗಬಹುದು. ಆದರೆ ನೀರಿನಲ್ಲಿ ಮುಳುಗುವುದು, ವಿದ್ಯುತ್ ತಗಲುವುದು, ಉಬ್ಬಸ ಉಲ್ಬಣಿಸುವುದು ಮೊದಲಾದ ಬೇರೆ ಕಾರಣಗಳೂ ಉಂಟು. ಆಘಾತವಾದವನನ್ನು ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಸ್ತಂಭನವಾದವನಿಗೆ ಬಿದ್ದ ಜಾಗದಲ್ಲಿಯೇ ಉಪಚಾರ ಆರಂಭವಾಗಬೇಕು. ಒಂದು ಪದವನ್ನು ಇನ್ನೊಂದರ ಜಾಗದಲ್ಲಿ ಬಳಸುವುದರಿಂದ ವ್ಯಾಕರಣಕ್ಕೆ ಹಾನಿಯಾಗದಿರಬಹುದು, ಮನುಷ್ಯನಿಗೆ ಹಾನಿಯಾಗುತ್ತದೆ.

‘ತೀವ್ರ ನಿಗಾ ಘಟಕ’ ಎಂಬಲ್ಲಿಯ ‘ನಿಗಾ’ ಎಂಬ ಮಾತು ಪಾರಸಿಯಿಂದ ಬಂದುದು. ನೋಟವೆಂದು ಅದರ ಮೂಲಾರ್ಥ. ಕಣ್ಣು ಕೀಳದೆ ನೋಡಿಕೊಳ್ಳುವುದೇ ತೀವ್ರ ನಿಗಾ. ಯಂತ್ರಗಳು, ನಳಿಕೆಗಳು, ಮಿನುಗುವ ಪರದೆಗಳು ಇವೆಲ್ಲ ಆ ನೋಟಕ್ಕೆ ನೆರವಾಗಲು ಆಮೇಲೆ ಬಂದವು. ಈ ವಿಭಾಗ ಹುಟ್ಟಿದ ಬಗೆಯೇ ಇದಕ್ಕೆ ಸಾಕ್ಷಿ.

ಕೈಗಳಿಂದ ಹುಟ್ಟಿದ ವಿಭಾಗ

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರವನ್ನು ಪೋಲಿಯೋ ಪಿಡುಗು ಮುತ್ತಿತು. ಉಸಿರಾಟದ ಸ್ನಾಯುಗಳು ಸೋತ ರೋಗಿಗಳಲ್ಲಿ ಮೊದಲ ಕೆಲವು ವಾರಗಳಲ್ಲಿ 31 ಮಂದಿಗೆ 27 ಮಂದಿ ಸತ್ತರು. ಅರಿವಳಿಕೆ ತಜ್ಞರಾದ ಬಿಯರ್ನ್ ಇಬ್ಸೆನ್ನರು ಆಗಸ್ಟ್ ತಿಂಗಳಲ್ಲಿ ಹನ್ನೆರಡು ವರ್ಷದ ಬಾಲಕಿಯೊಬ್ಬಳ ಗಂಟಲ ಕೆಳಗೆ ರಂಧ್ರಮಾಡಿಸಿ, ನಳಿಕೆಯಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಹಿಸುಕಿ ಶ್ವಾಸಕೋಶಕ್ಕೆ ಗಾಳಿಯನ್ನು ನೂಕಿದರು. ಬಾಲಕಿ ಬದುಕಿದಳು. ಉಳಿದವರಿಗೂ ಹೀಗೆಯೇ ಮಾಡಬೇಕಾಯಿತು, ಆದರೆ ಅಷ್ಟು ಯಂತ್ರಗಳಿರಲಿಲ್ಲ. ಆಗ ಸುಮಾರು 1500 ಮಂದಿ ವೈದ್ಯವಿದ್ಯಾರ್ಥಿಗಳು ಸರದಿಯ ಮೇಲೆ ಹಗಲೂ ರಾತ್ರಿ ರೋಗಿಗಳ ಮಗ್ಗುಲಲ್ಲಿ ಕುಳಿತು, ತಿಂಗಳುಗಟ್ಟಲೆ ಕೈಯಿಂದಲೇ ಉಸಿರು ಕೊಟ್ಟರು. ಮರಣಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿಯಿತು. ಮರುವರ್ಷ, 1953ರ ಕೊನೆಯಲ್ಲಿ, ಇಬ್ಸೆನ್ನರು ಇಂಥ ರೋಗಿಗಳಿಗೆಂದೇ ಪ್ರತ್ಯೇಕ ವಿಭಾಗವನ್ನು ತೆರೆದರು. ಇಂದಿನ ತೀವ್ರ ನಿಗಾ ಘಟಕಗಳಿಗೆ ಅದೇ ಮೂಲ. ವಿದ್ಯಾರ್ಥಿಗಳ ಕೈಗಳ ಮೇಲೆ ಈ ಕಟ್ಟಡ ಎದ್ದಿತೆಂಬುದನ್ನು ಶಾಲೆಯವರಾದ ನಾವು ಮರೆಯಲಾಗದು.

ಸಫಾರರ ಸಂಶೋಧನೆ

ಪೀಟರ್ ಸಫಾರರು 1924ರ ಏಪ್ರಿಲ್ 12ರಂದು ವಿಯೆನ್ನಾ ನಗರದಲ್ಲಿ ವೈದ್ಯರ ಮನೆತನದಲ್ಲಿ ಹುಟ್ಟಿದರು. ನಾಜಿ ಆಳಿಕೆಯ ಕಷ್ಟಗಳನ್ನು ಹಾಯ್ದು ವೈದ್ಯಪದವಿಯನ್ನು ಪಡೆದು, 1949ರಲ್ಲಿ ಅಮೆರಿಕಕ್ಕೆ ಹೋಗಿ ಅರಿವಳಿಕೆ ಶಾಸ್ತ್ರದಲ್ಲಿ ತಜ್ಞರಾದರು. ಆ ಕಾಲದಲ್ಲಿ ಉಸಿರು ನಿಂತವನನ್ನು ಬೋರಲಾಗಿ ಮಲಗಿಸಿ, ಬೆನ್ನನ್ನು ಒತ್ತಿ, ತೋಳುಗಳನ್ನು ಎತ್ತಿ ಇಳಿಸುವ ಕ್ರಮವನ್ನು ಎಲ್ಲೆಡೆಯೂ ಕಲಿಸುತ್ತಿದ್ದರು. ಸಫಾರರು ಬಾಲ್ಟಿಮೋರಿನಲ್ಲಿದ್ದಾಗ ಸ್ವಇಚ್ಛೆಯಿಂದ ಮುಂದೆ ಬಂದವರಿಗೆ ಸ್ನಾಯುಗಳನ್ನು ತಾತ್ಕಾಲಿಕವಾಗಿ ಸೋಲಿಸುವ ಔಷಧವನ್ನು ಕೊಟ್ಟು, ಅವರ ಉಸಿರಾಟವನ್ನು ನಿಲ್ಲಿಸಿ, ಎರಡು ಕ್ರಮಗಳನ್ನೂ ಪರೀಕ್ಷಿಸಿದರು. ಹಳೆಯ ಕ್ರಮದಲ್ಲಿ ನಾಲಗೆಯ ಬುಡ ಹಿಂದಕ್ಕೆ ಬಿದ್ದು ಗಂಟಲು ಮುಚ್ಚಿಕೊಳ್ಳುವುದರಿಂದ ಗಾಳಿ ಒಳಗೆ ಹೋಗುವುದೇ ಕಷ್ಟವೆಂದು ತಿಳಿಯಿತು. ತಲೆಯನ್ನು ಹಿಂದಕ್ಕೆ ಬಾಗಿಸಿ, ಗಲ್ಲವನ್ನು ಮೇಲೆತ್ತಿ, ಬಾಯಿಗೆ ಬಾಯಿಯಿಟ್ಟು ಊದಿದರೆ ಗಾಳಿ ತುಂಬುತ್ತದೆಂದು ಸಿದ್ಧವಾಯಿತು. ಊದಿದವರಲ್ಲಿ ವೈದ್ಯರಲ್ಲದ ಸಾಮಾನ್ಯ ಜನರೂ ಇದ್ದರೆಂಬುದು ಈ ಪ್ರಯೋಗದ ತಿರುಳು. 1958ರಲ್ಲಿ ಇದು ಪ್ರಕಟವಾಯಿತು. ಅದೇ ಸುಮಾರಿನಲ್ಲಿ ಸಫಾರರು ಬಾಲ್ಟಿಮೋರಿನ ಆಸ್ಪತ್ರೆಯಲ್ಲಿ ವೈದ್ಯರು ಹಗಲಿರುಳೂ ಇರತಕ್ಕ ತೀವ್ರ ನಿಗಾ ಘಟಕವನ್ನೂ ಸ್ಥಾಪಿಸಿದರು.

ಅದೇ ಊರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕೌವೆನ್‌ಹೋವನ್ ಎಂಬ ವೃದ್ಧ ವಿದ್ಯುತ್ ಇಂಜಿನಿಯರು, ನಿಕರ್‌ಬಾಕರ್ ಎಂಬ ವಿದ್ಯಾರ್ಥಿ ಮತ್ತು ಶಸ್ತ್ರವೈದ್ಯ ಜ್ಯೂಡ್ ಎಂಬುವರು ಬೇರೊಂದು ದಾರಿಯಲ್ಲಿ ನಡೆದಿದ್ದರು. ನಡುಗುವ ಹೃದಯಕ್ಕೆ ವಿದ್ಯುತ್ತಿನ ಪೆಟ್ಟು ಕೊಟ್ಟರೆ ಅದು ಕ್ರಮಕ್ಕೆ ಬರುತ್ತದೆಂಬುದು ಆಗಾಗಲೇ ತಿಳಿದಿತ್ತು. ನಾಯಿಯ ಎದೆಯ ಮೇಲೆ ವಿದ್ಯುತ್ ಫಲಕಗಳನ್ನು ಒತ್ತಿದಾಗ, ವಿದ್ಯುತ್ ಹರಿಸುವುದಕ್ಕೆ ಮೊದಲೇ ಅದರ ರಕ್ತದ ಒತ್ತಡ ಸ್ವಲ್ಪ ಏರುವುದನ್ನು ನಿಕರ್‌ಬಾಕರ್ ಗಮನಿಸಿದನು. ಎದೆಯ ಎಲುಬಿಗೂ ಬೆನ್ನೆಲುಬಿಗೂ ನಡುವೆ ಇರುವ ಹೃದಯವನ್ನು ಹೊರಗಿನಿಂದ ಒತ್ತಿಯೇ ರಕ್ತವನ್ನು ಚಲಿಸುವಂತೆ ಮಾಡಬಹುದೆಂಬ ತತ್ತ್ವ ಈ ಸಣ್ಣ ಗಮನಿಕೆಯಿಂದ ಹೊರಟಿತು. 1960ರಲ್ಲಿ ಈ ಮೂವರು 20 ರೋಗಿಗಳ ವರದಿಯನ್ನು ಪ್ರಕಟಿಸಿದರು; ಅವರಲ್ಲಿ 14 ಮಂದಿ ಬದುಕಿದ್ದರು. ಇದಕ್ಕೆ ಎರಡು ಕೈಗಳಲ್ಲದೆ ಬೇರೆ ಸಾಧನ ಬೇಡವೆಂಬುದು ಅವರ ಅಭಿಪ್ರಾಯ.

ಸಫಾರರು ಈ ಎರಡನ್ನೂ ಜೋಡಿಸಿ, ಮೊದಲು ಗಾಳಿಯ ದಾರಿ, ಆಮೇಲೆ ಉಸಿರು, ಆಮೇಲೆ ರಕ್ತಚಲನೆ ಎಂಬ ಎ-ಬಿ-ಸಿ ಕ್ರಮವನ್ನು ರೂಪಿಸಿದರು. ನಾರ್ವೆ ದೇಶದ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲರು ಕಲಿಯುವವರ ಅಭ್ಯಾಸಕ್ಕಾಗಿ ಮನುಷ್ಯಪ್ರಮಾಣದ ಬೊಂಬೆಯನ್ನು ಮಾಡಿಕೊಟ್ಟರು. ಇಂದಿಗೂ ಲೋಕದಾದ್ಯಂತ ಇಂಥ ಬೊಂಬೆಗಳ ಮೇಲೆಯೇ ಈ ವಿದ್ಯೆಯನ್ನು ಕಲಿಸುತ್ತಾರೆ.

1966ರಲ್ಲಿ ಸಫಾರರ ಎಳೆಯ ಮಗಳು ಎಲಿಜಬೆತ್ ಉಬ್ಬಸದ ತೀವ್ರತೆಯಿಂದ ಸ್ತಂಭನಕ್ಕೊಳಗಾದಳು. ಆಗ ತಂದೆ ಪರಸ್ಥಳದಲ್ಲಿದ್ದರು. ಅವಳ ಹೃದಯವೂ ಉಸಿರೂ ಮರಳಿದವು, ಮಿದುಳು ಮರಳಲಿಲ್ಲ. ಕೆಲವು ದಿನಗಳಲ್ಲಿ ಅವಳು ತೀರಿಕೊಂಡಳು. ತಾನು ಲೋಕಕ್ಕೆ ಕಲಿಸಿದ ವಿದ್ಯೆ ತನ್ನ ಮಗುವಿಗೆ ಸಾಲದೆ ಹೋದ ದುಃಖವನ್ನು ಸಫಾರರು ಸಂಶೋಧನೆಯಾಗಿ ಮಾರ್ಪಡಿಸಿಕೊಂಡರು. ಹೃದಯವನ್ನು ಎಬ್ಬಿಸಿದರೆ ಸಾಲದು, ಮಿದುಳನ್ನೂ ಉಳಿಸಬೇಕೆಂಬುದೇ ಅವರ ಮುಂದಿನ ಬಾಳಿನ ವ್ರತವಾಯಿತು.

ಮರುವರ್ಷ ಪಿಟ್ಸ್‌ಬರ್ಗಿನಲ್ಲಿ ಅವರು ಇನ್ನೊಂದು ಕೆಲಸಕ್ಕೆ ಕೈಹಾಕಿದರು. ಅಲ್ಲಿ ರೋಗಿಗಳನ್ನು ಪೋಲೀಸರ ವಾಹನದಲ್ಲಿ ಒಯ್ಯುತ್ತಿದ್ದರು. ದಾರಿಯಲ್ಲಿ ಉಪಚಾರವೆಂಬುದೇ ಇರಲಿಲ್ಲ. ನಗರದ ಬಡ ಕೇರಿಯಿಂದ ಕೆಲಸವಿಲ್ಲದ ಕಪ್ಪುಜನರನ್ನು ಆರಿಸಿ, ದೀರ್ಘ ಶಿಕ್ಷಣವನ್ನು ಕೊಟ್ಟು, ಫ್ರೀಡಂ ಹೌಸ್ ಎಂಬ ಆಂಬುಲೆನ್ಸ್ ಸೇವೆಗೆ ಸಫಾರರು ಅವರನ್ನು ಅಣಿಗೊಳಿಸಿದರು. ಶಾಲೆಯನ್ನು ಪೂರೈಸದವರೂ ಅವರಲ್ಲಿದ್ದರು. 1975ರವರೆಗೆ ನಡೆದ ಆ ಸೇವೆಯು ಇಂದಿನ ತುರ್ತು ಆಂಬುಲೆನ್ಸ್‌ಗಳಿಗೆ ಮಾದರಿಯಾಯಿತು. ಹುಟ್ಟಿನಿಂದ ಅಧಿಕಾರ ನಿರ್ಣಯವಾಗುವುದಿಲ್ಲ, ಮಾಡುವ ಕಾಯಕದಿಂದ ನಿರ್ಣಯವಾಗುತ್ತದೆಂಬ ಶರಣರ ನಿಲುವನ್ನು ಬಲ್ಲ ನಮಗೆ ಇದರ ಮಹತ್ತ್ವವನ್ನು ವಿವರಿಸಬೇಕಾದುದಿಲ್ಲ. ಸಫಾರರು 2003ರ ಆಗಸ್ಟ್ ತಿಂಗಳಲ್ಲಿ ನಿಧನರಾದರು.

ಶಾಸ್ತ್ರವು ನಿಂತ ನೀರಲ್ಲ

ಸಫಾರರ ಮಾತೇ ಕೊನೆಯ ಮಾತಾಗಲಿಲ್ಲ. ಅವರ ಎ-ಬಿ-ಸಿ ಕ್ರಮವು 2010ರಲ್ಲಿ ಬದಲಾಯಿತು. ದೊಡ್ಡವರಲ್ಲಿ ಹಠಾತ್ ಸ್ತಂಭನವಾದಾಗ ಎದೆಯನ್ನು ಒತ್ತುವುದೇ ಮೊದಲಿನದೆಂದು ನಿರ್ಣಯವಾಯಿತು. ಮಿದುಳನ್ನು ಉಳಿಸಲು ದೇಹವನ್ನು ತಂಪುಮಾಡುವ ಕ್ರಮಕ್ಕೆ 2002ರಲ್ಲಿ ಯೂರೋಪು ಮತ್ತು ಆಸ್ಟ್ರೇಲಿಯಾಗಳಲ್ಲಿ ನಡೆದ ಎರಡು ಪರೀಕ್ಷೆಗಳು ಬಲ ಕೊಟ್ಟವು. ಆದರೆ 2013 ಮತ್ತು 2021ರ ದೊಡ್ಡ ಪರೀಕ್ಷೆಗಳಲ್ಲಿ 33 ಡಿಗ್ರಿಗೆ ಇಳಿಸುವುದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಜ್ವರ ಬಾರದಂತೆ ಕಾಯುವುದೇ ಮುಖ್ಯವೆಂದು ತೋರಿತು. ಹೀಗೆ ತೀವ್ರ ನಿಗಾದೊಳಗಿನ ಉಪಚಾರಗಳು ಮಾರ್ಪಡುತ್ತಲೇ ಬಂದಿವೆ. ಬದಲಾಗದೆ ಉಳಿದುದು ಒಂದೇ: ಮೊದಲ ನಿಮಿಷಗಳಲ್ಲಿ ಎದೆಯ ಮೇಲೆ ಬೀಳಬೇಕಾದ ಕೈ. ಅದು ಬೀಳದಿದ್ದರೆ ಆಮೇಲಿನ ಯಾವ ಘಟಕವೂ ಮಿದುಳನ್ನು ಮರಳಿಸಲಾರದು.

ನಮ್ಮ ಸೀಮೆಯ ಲೆಕ್ಕ

ರಕ್ತವಿಲ್ಲದೆ ನಾಲ್ಕರಿಂದ ಆರು ನಿಮಿಷ ಕಳೆದರೆ ಮಿದುಳು ಕೆಡತೊಡಗುತ್ತದೆ. ಎದೆಯೊತ್ತುವಿಕೆಯೂ ವಿದ್ಯುತ್ ಉಪಚಾರವೂ ದೊರೆಯದ ಪ್ರತಿಯೊಂದು ನಿಮಿಷಕ್ಕೂ ಬದುಕುವ ಸಂಭವವು ನೂರಕ್ಕೆ ಏಳರಿಂದ ಹತ್ತರಷ್ಟು ಕುಗ್ಗುತ್ತದೆ. ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿಲೋಮೀಟರು, ತಿರುಮಕೂಡಲು ನರಸೀಪುರದಿಂದ ಸುಮಾರು 30. ಎಷ್ಟು ವೇಗದ ವಾಹನವಿದ್ದರೂ ಅರ್ಧ ಗಂಟೆಯ ದಾರಿ. ಆರು ನಿಮಿಷದ ಕೆಲಸವನ್ನು ಅರ್ಧ ಗಂಟೆಯ ದೂರದಲ್ಲಿಟ್ಟರೆ ಫಲವೇನೆಂಬುದನ್ನು ನಮ್ಮ ಐದನೆಯ ತರಗತಿಯ ಮಗುವೂ ಲೆಕ್ಕ ಹಾಕಿ ಹೇಳಬಲ್ಲದು.

ಮೈಸೂರಿನಲ್ಲಿ ದೊಡ್ಡ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಕಪಿಲೆಯ ದಡದ ಸುತ್ತೂರು ಶ್ರೀಮಠದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು 1954ರಲ್ಲಿ ಸ್ಥಾಪಿಸಿದ ಜೆ.ಎಸ್.ಎಸ್. ಮಹಾವಿದ್ಯಾಪೀಠವು 1984ರಲ್ಲಿ ವೈದ್ಯಕೀಯ ಕಾಲೇಜನ್ನು ಆರಂಭಿಸಿತು. ಚಿತ್ರದುರ್ಗದ ಶ್ರೀ ಜಯದೇವ ಮುರುಘರಾಜೇಂದ್ರ ಸ್ವಾಮಿಗಳ ಹೆಸರನ್ನು ಹೊತ್ತ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಯೂ ಅಲ್ಲಿದೆ. ಪುನೀತ್ ರಾಜ್‌ಕುಮಾರರ ಹೆಸರಿನಲ್ಲಿ 2023ರಲ್ಲಿ ಘೋಷಿತವಾದ ‘ಹೃದಯ ಜ್ಯೋತಿ’ ಯೋಜನೆಯು, ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿಯೇ ಹೃದಯದ ವಿದ್ಯುತ್ ರೇಖಾಚಿತ್ರವನ್ನು ತೆಗೆದು, ದೂರದ ತಜ್ಞರಿಗೆ ಕಳಿಸಿ, ಅವರ ಸಲಹೆಯಂತೆ ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು. ಇದು ಬಹು ಉಪಕಾರದ ಕೆಲಸ. ಆದರೆ ಮೇಲೆ ಮಾಡಿದ ಪದವಿಚಾರವನ್ನು ಇಲ್ಲಿ ನೆನೆಯಬೇಕು: ಆ ಚುಚ್ಚುಮದ್ದು ಆಘಾತಕ್ಕೆ ಮದ್ದು. ಬೀದಿಯಲ್ಲಿ, ಗದ್ದೆಯಲ್ಲಿ, ಶಾಲೆಯ ಅಂಗಳದಲ್ಲಿ ಸ್ತಂಭನವಾಗಿ ಬಿದ್ದವನು ಆಸ್ಪತ್ರೆಯ ಬಾಗಿಲನ್ನು ಜೀವಂತವಾಗಿ ಮುಟ್ಟಬೇಕಾದರೆ ನಡುವೆ ಒಬ್ಬ ಮನುಷ್ಯನ ಕೈ ಬೇಕು.

2025ರಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಮರಣಗಳ ಸುದ್ದಿ ಒಂದರ ಮೇಲೊಂದು ಬಂದಾಗ ಜನರು ಗಾಬರಿಗೊಂಡು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲುಗಟ್ಟಿ ನಿಂತರು. ಭಯವು ಜನರನ್ನು ಸಾಲಿನಲ್ಲಿ ನಿಲ್ಲಿಸಿತು. ವಿದ್ಯೆಯು ಅವರನ್ನು ಪಕ್ಕದವನಿಗೆ ನೆರವಾಗುವಂತೆ ಮಾಡಬಲ್ಲದು.

ನಂಜುಂಡನು ರೋಗಹರನೆಂದು ಪ್ರಸಿದ್ಧ. ಟಿಪ್ಪು ಸುಲ್ತಾನನು ಆತನನ್ನು ‘ಹಕೀಂ ನಂಜುಂಡ’ನೆಂದು ಕರೆದನೆಂಬ ಪ್ರತೀತಿಯನ್ನು ನಾವೆಲ್ಲ ಬಲ್ಲೆವು. ದೊಡ್ಡ ಜಾತ್ರೆಯ ಪಂಚರಥೋತ್ಸವಕ್ಕೆ, ಸುತ್ತೂರು ಜಾತ್ರೆಗೆ, ತಿರುಮಕೂಡಲಿನಲ್ಲಿ 1989ರಿಂದ ನಡೆದು ಬಂದಿರುವ ಕುಂಭಮೇಳಕ್ಕೆ ಲಕ್ಷಾಂತರ ಭಕ್ತರು ಸೇರುತ್ತಾರೆ. ಸ್ನಾನಘಟ್ಟಗಳಲ್ಲಿ ಕಾಲುಜಾರುವ, ಸುಳಿಗೆ ಸಿಕ್ಕುವ ಅಪಾಯ ಇದ್ದೇ ಇರುತ್ತದೆ. ನೀರಿನಿಂದ ಎತ್ತಿದವನನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆಯನ್ನು ಅದುಮಿ ನೀರು ಕಕ್ಕಿಸುವುದು ನಮ್ಮಲ್ಲಿ ರೂಢಿ. ಎರಡೂ ತಪ್ಪು, ಅಮೂಲ್ಯವಾದ ನಿಮಿಷಗಳು ಅದರಲ್ಲಿ ಕಳೆಯುತ್ತವೆ, ಹೊಟ್ಟೆಯದು ಬಾಯಿಗೆ ಬಂದು ಉಸಿರ ದಾರಿಯೂ ಮುಚ್ಚುತ್ತದೆ.

ಮಾಡತಕ್ಕ ಕ್ರಮ

ಬಿದ್ದವನ ಭುಜವನ್ನು ತಟ್ಟಿ ಕೂಗಬೇಕು. ಓಗೊಡದಿದ್ದರೆ, ಸಹಜವಾಗಿ ಉಸಿರಾಡದಿದ್ದರೆ, ಅದನ್ನು ಸ್ತಂಭನವೆಂದೇ ತಿಳಿಯಬೇಕು. ಮುಖಕ್ಕೆ ನೀರೆರಚುತ್ತ, ಸೋಡಾ ಕುಡಿಸಲು ಯತ್ನಿಸುತ್ತ ಕೂರಬಾರದು. ಒಬ್ಬರು 108ಕ್ಕೆ ದೂರವಾಣಿ ಮಾಡಲಿ. ಇನ್ನೊಬ್ಬರು ರೋಗಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವಿನ ಎಲುಬಿನ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಬಾಗದಂತೆ ಐದರಿಂದ ಆರು ಸೆಂಟಿಮೀಟರು ಆಳಕ್ಕೆ ಒತ್ತಬೇಕು. ಪ್ರತಿ ಒತ್ತಿನ ಬಳಿಕ ಎದೆ ಪೂರ್ಣವಾಗಿ ಮೇಲೇಳಲು ಬಿಡಬೇಕು. ನಿಮಿಷಕ್ಕೆ 100ರಿಂದ 120 ಒತ್ತುಗಳು. ದಣಿದಾಗ ಮತ್ತೊಬ್ಬರು ವಹಿಸಿಕೊಳ್ಳಬೇಕು, ನಡುವೆ ನಿಲ್ಲಿಸಬಾರದು. ಕಲಿಯದವರೂ ಇಷ್ಟನ್ನು ಮಾಡಬಹುದೆಂದು ಭಾರತೀಯ ಅರಿವಳಿಕೆ ತಜ್ಞರು 2017ರಲ್ಲಿ ಎದೆಯೊತ್ತುವಿಕೆಯೊಂದನ್ನೇ ಸಾಮಾನ್ಯ ಜನರಿಗೆ ವಿಧಿಸಿದ್ದಾರೆ. ಆದರೆ ನೀರಿನಲ್ಲಿ ಮುಳುಗಿದವರಲ್ಲಿ ಕೊರತೆಯಾದುದು ಉಸಿರೇ ಆದುದರಿಂದ, ಅವರಿಗೆ ಮೊದಲು ಬಾಯಿಂದ ಉಸಿರನ್ನು ಊದಿ, ಬಳಿಕ 30 ಒತ್ತಿಗೆ ಎರಡು ಉಸಿರಿನಂತೆ ನಡೆಸಬೇಕು. ಸಫಾರರ ಮೊದಲ ಪಾಠ ಇಲ್ಲಿ ಇಂದಿಗೂ ಸಲ್ಲುತ್ತದೆ.

ನಮ್ಮ ಸಮಾಜದಲ್ಲಿ ಒಂದು ಸಂಕೋಚ ಏಳಬಹುದು. ಎದೆಯ ಮೇಲೆ ಇಷ್ಟಲಿಂಗವಿರುವಾಗ ಅಲ್ಲಿ ಒತ್ತುವುದು ಹೇಗೆ? ಕರಡಿಗೆಯನ್ನು ಅಂಗದಿಂದ ಬೇರ್ಪಡಿಸದೆ, ಭುಜದ ಕಡೆಗೆ ಭಕ್ತಿಯಿಂದ ಸರಿಸಿದರೆ ಸಾಕು. ವಿದ್ಯುತ್ ಉಪಚಾರದ ಯಂತ್ರವಿದ್ದಲ್ಲಿ ಅದರ ಅಂಟುಫಲಕಗಳು ಬೆಳ್ಳಿಯ ಕರಡಿಗೆಗೆ ತಾಗದಂತೆ ನೋಡಿಕೊಳ್ಳಬೇಕು. ಆ ಯಂತ್ರವು ತಾನೇ ಹೃದಯವನ್ನು ಪರೀಕ್ಷಿಸಿ, ಮಾಡಬೇಕಾದುದನ್ನು ಧ್ವನಿಯಿಂದ ಹೇಳುವುದರಿಂದ ಸಾಮಾನ್ಯರೂ ಅದನ್ನು ಬಳಸಬಹುದು.

ಲಯವನ್ನು ಹಿಡಿಯುವುದಕ್ಕೆ ಕನ್ನಡ ಛಂದಸ್ಸಿನ ನೆರವುಂಟು. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು ಈ ಎಂಟು ಪದಗಳೂ ಮೂರು ಮೂರು ಮಾತ್ರೆಯವು. ಒಂಬತ್ತು ಐದು ಮಾತ್ರೆಯದಾಗಿ ಲಯವನ್ನು ಕೆಡಿಸುತ್ತದೆ. ಆದುದರಿಂದ ಒಂದರಿಂದ ಎಂಟರವರೆಗೆ ಎಣಿಸಿ ಮತ್ತೆ ಒಂದಕ್ಕೆ ಮರಳಬೇಕು, ಸಂಖ್ಯೆಗೊಂದು ಒತ್ತು. ಎಂಟನ್ನು ಎಣಿಸಲು ನಾಲ್ಕು ಸೆಕೆಂಡಿಗಿಂತ ತುಸು ಹೆಚ್ಚು ಹಿಡಿದರೆ ವೇಗ ಸರಿಯಾಗಿದೆಯೆಂದು ತಿಳಿಯಬಹುದು. ಮೂವತ್ತು ಬೇಕಾದಲ್ಲಿ ಮೂರು ಆವರ್ತದ ಮೇಲೆ ಆರು.

ಮಿತಿಯೂ ಕರ್ತವ್ಯವೂ

ಇಷ್ಟು ಹೇಳಿದ ಮೇಲೆ ಮಿತಿಯನ್ನೂ ಹೇಳಬೇಕು. ಬಾಳಬೇಕಾದ ಜೀವವು ಅಕಾಲದಲ್ಲಿ ಹೋಗದಂತೆ ತಡೆಯಲೆಂದು ಈ ವಿದ್ಯೆ ಹುಟ್ಟಿತು. ಮಾಗಿದ ಜೀವದ ಸಹಜ ಮರಣವನ್ನು ಯಂತ್ರಗಳಿಂದ ನೀಳಮಾಡಲು ಅಲ್ಲ. ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಘನತೆಯ ಮರಣದ ಹಕ್ಕನ್ನು ಮನ್ನಿಸಿತು. ಅದನ್ನು ಕಾರ್ಯಗತಗೊಳಿಸಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಮರಣವೇ ಮಹಾನವಮಿಯೆಂದು ತಿಳಿದ ಪರಂಪರೆಯವರಿಗೆ ಈ ವಿವೇಕ ಹೊಸದಲ್ಲ. ಲಿಂಗೈಕ್ಯವನ್ನು ಗೌರವಿಸುವುದೂ ಅಪಮೃತ್ಯುವನ್ನು ತಡೆಯುವುದೂ ಪರಸ್ಪರ ವಿರುದ್ಧವಲ್ಲ.

ಮಠದ ಶಾಲೆಗಳು ಅನ್ನ, ಅಕ್ಷರ, ಆಶ್ರಯಗಳ ದಾಸೋಹವನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿವೆ. ಆ ಸಾಲಿಗೆ ಈ ವಿದ್ಯೆಯೂ ಸೇರಬೇಕು. ಮೊದಲು ಅಧ್ಯಾಪಕರು ಕಲಿಯಲಿ. ಬಳಿಕ ಎಂಟನೆಯ ತರಗತಿಯಿಂದ ಮೇಲಿನ ಪ್ರತಿಯೊಂದು ಮಗುವೂ ವರ್ಷಕ್ಕೊಂದು ಸಲವಾದರೂ ಬೊಂಬೆಯ ಮೇಲೆ ಅಭ್ಯಾಸ ಮಾಡಲಿ. ವೈದ್ಯರೂ ದಾದಿಯರೂ ಆಗಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಒಂದು ದಿನ ತಮ್ಮ ಶಾಲೆಗೆ ಬಂದು ಕಲಿಸಿಕೊಡಲಿ. ಕೊಠಡಿಗಳನ್ನು ಕಟ್ಟಿಸಿಕೊಟ್ಟ ದಾನಿಗಳು ಅಭ್ಯಾಸದ ಬೊಂಬೆಯನ್ನೂ ವಿದ್ಯುತ್ ಉಪಚಾರದ ಯಂತ್ರವನ್ನೂ ಒದಗಿಸುವ ಮನಸ್ಸು ಮಾಡಲಿ. ಹೆಸರು ಕೆತ್ತಲು ಅದರಲ್ಲಿ ಗೋಡೆಯಿಲ್ಲ, ನಿಜ. ಆದರೆ ನಂಜನಗೂಡಿನ ಸಂತೆಯಲ್ಲಿಯೋ ಸಂಗಮದ ಮೆಟ್ಟಿಲಿನಲ್ಲಿಯೋ ಒಬ್ಬನು ಬಿದ್ದಾಗ, ಸುತ್ತ ನೆರೆದವರು ನೋಡುತ್ತ ನಿಂತಿರುವಾಗ, ನಮ್ಮ ಶಾಲೆಯಲ್ಲಿ ಓದಿದ ಹುಡುಗನೋ ಹುಡುಗಿಯೋ ಮುಂದೆ ಬಂದು ಮಂಡಿಯೂರಿ ಒಂದರಿಂದ ಎಂಟರವರೆಗೆ ಎಣಿಸತೊಡಗಿದರೆ, ಆ ದಾನವು ಸಾರ್ಥಕವಾದಂತೆ.